ಎಡೆದೊರೆ ನಾಡು: ಕೃಷ್ಣೆ–ತುಂಗಭದ್ರೆಯರ ನಡುವಣ ಪ್ರಾಕ್ತನ ನೆಲ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ಎರಡು ಸಾವಿರ ನಾಡು ಎಂದು ಗುರುತಿಸಿವೆ. ಇಂದಿನ ರಾಯಚೂರು ಜಿಲ್ಲೆಯ ಬಹುಪಾಲು ಹಾಗೂ ಕೊಪ್ಪಳ ಜಿಲ್ಲೆಯ ಪೂರ್ವದ ತಾಲ್ಲೂಕುಗಳು ಇದರೊಳಗೆ ಬರುತ್ತವೆ. ಇತಿಹಾಸಪೂರ್ವ ಕಾಲವನ್ನು ಅರಿಯಬೇಕೆಂದರೆ ಮಾತ್ರ ನದಿಗಳ ಗೆರೆಯಲ್ಲೇ ನಿಲ್ಲಲಾಗದು. ಕೃಷ್ಣೆಯ ಆಚೆಗಿನ ಸುರಪುರ, ಹುಣಸಗಿ, ಶಹಾಪುರಗಳನ್ನೂ ತುಂಗಭದ್ರೆಯ ಈಚೆಗಿನ ಬಳ್ಳಾರಿಯ ಗುಡ್ಡಗಳನ್ನೂ ಇದರೊಂದಿಗೆ ಸೇರಿಸಿಯೇ ನೋಡಬೇಕು. ಈ ಸೀಮೆಯ ನೈರುತ್ಯ ಮೂಲೆಗೆ ತಾಗಿಕೊಂಡಿರುವ ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಆನೆಗುಂದಿಯ ದಂಡೆಯವರೆಗೆ ಹೋಗಿ ಹಿಂದಿರುಗುತ್ತಾರೆ. ಅದರಾಚೆಗೆ ಹನ್ನೆರಡು ಲಕ್ಷ ವರ್ಷಗಳಷ್ಟು ಹಿಂದಿನ ಕಲ್ಲಿನ ಆಯುಧಗಳಿಂದ ಹಿಡಿದು ಅಶೋಕನ ಹೆಸರು ಹೊತ್ತ ಬಂಡೆಯವರೆಗೆ ಮನುಷ್ಯನ ಬಾಳಿನ ಬಹುತೇಕ ಎಲ್ಲ ಘಟ್ಟಗಳ ಕುರುಹುಗಳೂ ಬಯಲಿನಲ್ಲೇ ಬಿದ್ದಿವೆ. ಈ ನೆಲೆಗಳನ್ನು ಬಿಡಿಬಿಡಿ ಸ್ಮಾರಕಗಳೆಂದು ಎಣಿಸಿದರೆ ಅವು ಅರ್ಥ ಬಿಟ್ಟುಕೊಡುವುದಿಲ್ಲ, ಅವುಗಳ ಕೆಳಗಿನ ಕಲ್ಲು, ಮಣ್ಣು, ನೀರುಗಳ ಜೊತೆ ಓದಿದಾಗಲೇ ಮಾತಾಡುತ್ತವೆ ಎಂಬುದು ಈ ಲೇಖನದ ವಾದ. ಇಲ್ಲಿ ಪುರಾತತ್ತ್ವವನ್ನೂ ನಿಸರ್ಗವನ್ನೂ ಎರಡು ಬೇರೆ ಪ್ರವಾಸಗಳಾಗಿ ಮಾಡಲು ಬರುವುದಿಲ್ಲ.

ಈ ವಾದಕ್ಕೆ ಮೊದಲ ಸಾಕ್ಷಿ ಭೂವಿಜ್ಞಾನದ್ದು. ಇಷ್ಟು ಚಿಕ್ಕ ಹರವಿನಲ್ಲಿ ಇಷ್ಟು ಬಗೆಯ ಶಿಲೆಗಳು ಒಟ್ಟಿಗೆ ಸಿಗುವುದು ಅಪರೂಪ. ದಕ್ಷಿಣ ಮತ್ತು ಪಶ್ಚಿಮದಲ್ಲಿ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಗುಡ್ಡಗಳು ಗುಂಡಿನ ಮೇಲೆ ಗುಂಡು ಪೇರಿಸಿಕೊಂಡು ನಿಂತಿವೆ. ಅವನ್ನು ಸೀಳಿಕೊಂಡು ಕಪ್ಪು ಡಾಲರೈಟ್ ಶಿಲೆಯ ಗೋಡೆಗಳು ಮೈಲುಗಟ್ಟಲೆ ಓಡುತ್ತವೆ. ನಡುವೆ ಹಟ್ಟಿಯಿಂದ ಮಸ್ಕಿಯ ಕಡೆಗೆ ಚಿನ್ನದ ಎಳೆಗಳನ್ನು ಒಡಲಲ್ಲಿಟ್ಟುಕೊಂಡ ಪದರುಶಿಲೆಯ ಪಟ್ಟಿಯೊಂದು ಹಾದುಹೋಗಿದೆ. ಉತ್ತರಕ್ಕೆ ಹೋದಂತೆ ಭೀಮಾ ಕಣಿವೆಯ ಸುಣ್ಣಕಲ್ಲು, ಅಂದರೆ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಬಳಗ, ಎದುರಾಗುತ್ತದೆ. ಅದರ ಮೇಲುಭಾಗದಲ್ಲಿ ದಖ್ಖನ್ ಪ್ರಸ್ತರದ ಕಪ್ಪು ಲಾವಾ ಹೊದಿಕೆ. ಮಣ್ಣೂ ಹಾಗೆಯೇ ಎರಡು ಪಾಲಾಗಿದೆ: ಹಿಂಗಾರಿ ಜೋಳ ಬೆಳೆಯುವ ಎರೆ ಮತ್ತು ಸಜ್ಜೆ, ನವಣೆ, ಹುರುಳಿ ಬೆಳೆಯುವ ಮಸಾರಿ. ಮಳೆ ಎಲ್ಲೆಡೆಯೂ ಕಡಿಮೆ, ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಇಂಥ ನಾಡಿನಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಲ್ಲು ಹೇಗೆ ಒಡೆಯುತ್ತದೆ ಎಂಬ ತಿಳಿವೇ ಬದುಕಿನ ಬಂಡವಾಳವಾಗಿತ್ತು. ಹಳೆಯ ನೆಲೆಗಳ ಹಂಚಿಕೆಯೆಲ್ಲ ಆ ತಿಳಿವಿನ ದಾಖಲೆ.

ಇದಕ್ಕೆ ಉದಾಹರಣೆಯಾಗಿ ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಗಳನ್ನು ತೆಗೆದುಕೊಳ್ಳಬಹುದು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಳ ಕಾಲ ಇಲ್ಲಿನ ಹೊಲ, ಹಳ್ಳಗಳನ್ನು ಕಾಲ್ನಡಿಗೆಯಲ್ಲಿ ಶೋಧಿಸಿ ಹಳೆಯ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರ ಎಲ್ಲಕ್ಕಿಂತ ಮುಖ್ಯವಾದುದು. ಸಿಲಿಕಾಂಶ ಸೇರಿ ಗಟ್ಟಿಯಾದ ಸುಣ್ಣಕಲ್ಲಿನ ಚಪ್ಪಡಿಗಳು ಅಲ್ಲಿ ನೆಲದಿಂದ ತಾವಾಗಿಯೇ ಎದ್ದು ಬಂದಿದ್ದವು. ಆದಿಮಾನವರು ಅವನ್ನು ಎಬ್ಬಿಸಿ, ಅಂಚು ಹೊಡೆದು, ಕೈಗೊಡಲಿಗಳನ್ನೂ ಸೀಳುಗತ್ತಿಗಳನ್ನೂ ಸ್ಥಳದಲ್ಲೇ ಮಾಡಿದರು. ಹೊಡೆಯಲು ಬಳಸಿದ ಸುತ್ತಿಗೆಗಲ್ಲು, ಅರ್ಧಕ್ಕೆ ಬಿಟ್ಟ ಆಯುಧ, ಉದುರಿದ ಚಕ್ಕೆ ಎಲ್ಲವೂ ಅಲ್ಲಲ್ಲೇ ಉಳಿದಿದ್ದರಿಂದ ಇದು ಬರೀ ಆಯುಧಗಳು ಸಿಕ್ಕ ಜಾಗವಾಗಿ ಉಳಿಯದೆ, ಕೆಲಸ ನಡೆದ ರೀತಿಯನ್ನೇ ತೋರಿಸುವ ಕಾರ್ಖಾನೆಯಾಯಿತು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ವಿಧಾನದಿಂದ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಕಾಲಮಾನ ಸುಮಾರು 12 ಲಕ್ಷ ವರ್ಷ. ಹಲ್ಲುಗಳು ಎಷ್ಟು ಯುರೇನಿಯಂ ಹೀರಿಕೊಂಡಿರಬಹುದು ಎಂಬ ಅಂದಾಜಿನ ಮೇಲೆ ಈ ಲೆಕ್ಕ ನಿಂತಿರುವುದರಿಂದ ಅಂಕಿಯನ್ನು ಎಚ್ಚರದಿಂದಲೇ ಹೇಳಬೇಕು. ಹಾಗಿದ್ದರೂ ತಮಿಳುನಾಡಿನ ಅತ್ತಿರಂಪಾಕ್ಕಂ ನೆಲೆಗೆ 2011ರಲ್ಲಿ ಸುಮಾರು 15 ಲಕ್ಷ ವರ್ಷದ ಕಾಲಮಾನ ಬಂದ ಮೇಲೆ, ಇಸಾಂಪುರದ ಪ್ರಾಚೀನತೆಯನ್ನು ನಂಬಲಾಗದ ಅಪವಾದವೆಂದು ತಳ್ಳಿಹಾಕುವುದು ಕಷ್ಟವಾಗಿದೆ. ಈ ಕಣಿವೆಯನ್ನೇ ಆದಿಮಾನವರು ಆರಿಸಿಕೊಂಡದ್ದು ಏಕೆ ಎಂಬ ಪ್ರಶ್ನೆಗೆ ಪದ್ದಯ್ಯನವರ ಉತ್ತರ ನೀರಿನದು. ಸುಣ್ಣಕಲ್ಲಿನ ಸಂದುಗಳಿಂದ ಜಿನುಗುವ ಒರತೆಗಳು ಬೇಸಿಗೆಯಲ್ಲೂ ಬತ್ತುವುದಿಲ್ಲ. ಒಣಗಾಲದಲ್ಲಿ ಗುಂಪುಗಳು ಈ ಒರತೆಗಳ ಸುತ್ತ ಒಟ್ಟಾಗಿ, ಮಳೆಗಾಲದಲ್ಲಿ ಕಣಿವೆಯ ತುಂಬ ಚದುರುತ್ತಿದ್ದವು ಎಂದು ಅವರು ನೆಲೆಗಳ ಗಾತ್ರ ಮತ್ತು ಸ್ಥಾನಗಳಿಂದ ವಾದಿಸಿದರು. ಇಸಾಂಪುರಕ್ಕೆ ಹೋಗಿ ಬರೀ ಹೊಲವನ್ನು ನೋಡಿ ಬರುವವನಿಗೆ ಏನೂ ಕಾಣದು, ಆದರೆ ಒರತೆ, ಚಪ್ಪಡಿ, ಕಣಿವೆಯ ಅಂಚು ಮೂರನ್ನೂ ಒಟ್ಟಿಗೆ ಗಮನಿಸುವವನಿಗೆ ಆ ವಾದದ ಬಲ ಸ್ಥಳದಲ್ಲೇ ತಿಳಿಯುತ್ತದೆ.

ಎರಡನೆಯ ಸಾಕ್ಷಿ ಬೂದಿದಿಬ್ಬಗಳು. ಇವು ಜಗತ್ತಿನಲ್ಲೇ ವಿಶಿಷ್ಟವಾದ ಅವಶೇಷಗಳು, ನಮ್ಮವರಲ್ಲೇ ಬಹುಪಾಲು ಜನ ಹೆಸರೂ ಕೇಳದಂಥವು. ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯಲ್ಲಿ, ಹಂಪಿಯ ಪಕ್ಕದ ನಿಂಬಾಪುರದಲ್ಲಿ, ಸುರಪುರ ಸೀಮೆಯ ಬೂದಿಹಾಳದಲ್ಲಿ ಇಂಥ ದಿಬ್ಬಗಳಿವೆ. ಕೆಲವು ಕಡೆ ಬೂದಿ ಕರಗಿ ಗಾಜಿನಂತೆ ಹೆಪ್ಪುಗಟ್ಟಿದೆ. ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನ ನಂಬುತ್ತಾರೆ. ಇಂಥ ದಿಬ್ಬ ಭೀಮನು ಕೊಂದ ಹಿಡಿಂಬಾಸುರನ ಬೂದಿಯೆಂಬ ಕಥೆಯನ್ನು 19ನೆಯ ಶತಮಾನದ ಮೊದಲರ್ಧದಲ್ಲಿ ಇಲ್ಲಿ ಓಡಾಡಿದ ಬ್ರಿಟಿಷ್ ಅಧಿಕಾರಿ ನ್ಯೂಬೋಲ್ಡ್ ಬರೆದಿಟ್ಟಿದ್ದಾನೆ. ಕಬ್ಬಿಣ ಕರಗಿಸಿದ ಕಿಟ್ಟವಿರಬೇಕು, ಸಾಮೂಹಿಕ ಚಿತೆಗಳಿರಬೇಕು ಎಂದು ಹಿಂದಿನ ವಿದ್ವಾಂಸರೂ ತರ್ಕಿಸಿದ್ದುಂಟು. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಅಡಿಪಾಯ ಹಾಕಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವು ಸುಟ್ಟ ಸಗಣಿಯ ರಾಶಿಗಳೆಂದು ಗುರುತಿಸಿದ. 1957ರಲ್ಲಿ ರೇಮಂಡ್ ಆಲ್ಚಿನ್ ಕೃಷ್ಣೆಯ ಆಚೆಗಿನ, ಈಗ ತೆಲಂಗಾಣಕ್ಕೆ ಸೇರಿದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ದೊಡ್ಡಿಯ ಬೇಲಿಗೂಟಗಳ ಕುಳಿಗಳೂ ಹೊರಬಂದವು. ಚರ್ಚೆಯ ಮುಖ್ಯ ಭಾಗ ಅಲ್ಲಿಗೆ ಮುಗಿಯಿತು. ಕ್ರಿ.ಪೂ. ಸುಮಾರು 3000ದಿಂದ 1200ರವರೆಗೆ ಇಲ್ಲಿ ಬಾಳಿದ ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಸಗಣಿ ಪೇರಿಸಿ ಮತ್ತೆ ಮತ್ತೆ ಬೆಂಕಿಯಿಡುತ್ತಿದ್ದರು. ಪದ್ದಯ್ಯನವರು 1990ರ ದಶಕದಲ್ಲಿ ಬೂದಿಹಾಳವನ್ನು ಅಗೆದಾಗ ದಿಬ್ಬದ ಪಕ್ಕದಲ್ಲೇ ವಾಸದ ನೆಲೆ, ಮಕ್ಕಳ ಸಮಾಧಿಗಳು ಮತ್ತು ಪ್ರಾಣಿಗಳನ್ನು ಕಡಿದು ಮಾಂಸ ಹಂಚಿದ ನೆಲ ಸಿಕ್ಕವು. ಹಾಗಾಗಿ ದಿಬ್ಬಗಳೆಂದರೆ ಊರಿಂದ ದೂರದ ಕಾಡುದೊಡ್ಡಿಗಳು ಎಂಬ ಹಿಂದಿನ ಚಿತ್ರ ತಿದ್ದುಪಡಿಗೆ ಒಳಗಾಯಿತು.

ಈ ಜನರ ಹಸಿವು ನೀಗಿದ್ದು ದನದಿಂದ ಮಾತ್ರವೂ ಅಲ್ಲ. ಸಂಗನಕಲ್ಲು, ತೆಕ್ಕಲಕೋಟೆಯಂಥ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಬೇರ್ಪಡಿಸಿದ ಕರಕಲಾದ ಕಾಳುಗಳಲ್ಲಿ ಹುರುಳಿ, ಹೆಸರು ಮತ್ತು ಕೊರಲೆ ಎದ್ದು ಕಾಣುತ್ತವೆ. ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದವರ ಈ ಕೆಲಸ ದಕ್ಷಿಣ ಭಾರತವನ್ನು ಬೇಸಾಯ ಸ್ವತಂತ್ರವಾಗಿ ಹುಟ್ಟಿದ ನೆಲಗಳ ಸಾಲಿಗೆ ಸೇರಿಸುವ ಗಂಭೀರ ವಾದಕ್ಕೆ ಆಧಾರವಾಯಿತು. ಇಂದು ಸಿರಿಧಾನ್ಯವೆಂದು ಮತ್ತೆ ಅಂಗಡಿಗೆ ಬಂದಿರುವ ಕೊರಲೆಯನ್ನು ಈ ಗುಡ್ಡಗಳ ತಪ್ಪಲಿನ ಜನ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ನೆಚ್ಚಿಕೊಂಡಿದ್ದರು. ಕಡಿಮೆ ಮಳೆಗೆ ಬೇಗ ಬರುವ ಬೆಳೆಯನ್ನೂ ಮೇವಿನ ಬಯಲನ್ನೂ ಒಟ್ಟಿಗೆ ನಡೆಸಿದ ಬುದ್ಧಿ ಅದು. ಅವರ ಕೊಡಲಿಗಳು ಬಂದದ್ದು ಡಾಲರೈಟ್ ಗೋಡೆಗಳಿಂದ. ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಲ್ಲಿ, ಅದರಲ್ಲೂ ಹಿರೇಗುಡ್ಡದಲ್ಲಿ, ಈ ಕಪ್ಪು ಶಿಲೆಯನ್ನು ಒಡೆದು, ತಿದ್ದಿ, ಗ್ರಾನೈಟ್ ಬಂಡೆಗೆ ಉಜ್ಜಿ ನುಣುಪುಗೊಳಿಸಿದ ಜಾಡುಗಳು ಹೇರಳವಾಗಿವೆ. ಅದೇ ಡಾಲರೈಟಿನ ಮೈಮೇಲೆ ಡುಬ್ಬದ ದನಗಳನ್ನೂ ಮನುಷ್ಯರನ್ನೂ ಕುಟ್ಟಿ ಕುಟ್ಟಿ ಚಿತ್ರಿಸಿದ್ದಾರೆ. ಕೆಲವು ಬಂಡೆಗಳ ಅಂಚಿನಲ್ಲಿರುವ ಕುಳಿಗಳಿಗೆ ಕಲ್ಲಿನಿಂದ ಬಡಿದರೆ ಗಂಟೆಯಂಥ ನಾದ ಬರುತ್ತದೆ. ಚಿತ್ರ ಬರೆಯುವುದೂ ನಾದ ಹೊರಡಿಸುವುದೂ ಒಂದೇ ಆಚರಣೆಯ ಅಂಗಗಳಾಗಿದ್ದಿರಬಹುದೆಂದು ಪುರಾತತ್ತ್ವಜ್ಞೆ ನಿಕೋಲ್ ಬೋವಿನ್ 2004ರಲ್ಲಿ ಸೂಚಿಸಿದರು.

ಇಲ್ಲಿ ಒಂದು ಆಕ್ಷೇಪ ಬರುವುದು ನ್ಯಾಯವೇ. ಶಿಲೆ ಮತ್ತು ನೀರಿನಿಂದಲೇ ಎಲ್ಲವನ್ನೂ ವಿವರಿಸಿದರೆ ಮನುಷ್ಯನನ್ನು ನೆಲದ ಕೈಗೊಂಬೆಯಾಗಿಸಿದಂತೆ ಆಗುವುದಿಲ್ಲವೇ? ಆಗುತ್ತಿತ್ತು, ಪುರಾವೆ ಅಷ್ಟಕ್ಕೇ ನಿಂತಿದ್ದರೆ. ಆದರೆ ಇದೇ ಪುರಾವೆ ಮನುಷ್ಯನ ಆಯ್ಕೆಯನ್ನೂ ತೋರಿಸುತ್ತದೆ. ಸಗಣಿ ಉರುವಲೂ ಹೌದು, ಗೊಬ್ಬರವೂ ಹೌದು. ಅದನ್ನು ಮನೆಯಷ್ಟು ಎತ್ತರಕ್ಕೆ ಪೇರಿಸಿ, ಕರಗುವಷ್ಟು ಕಾವಿನಲ್ಲಿ ಸುಟ್ಟು, ಅದೇ ಜಾಗದಲ್ಲಿ ಮತ್ತೆ ಪೇರಿಸಿದ್ದಕ್ಕೆ ಯಾವ ಹೊಟ್ಟೆಪಾಡಿನ ಕಾರಣವೂ ಸಾಲದು. ಇತ್ತೀಚಿನ ಕಾಲನಿರ್ಣಯಗಳ ಪ್ರಕಾರ ಹಲವು ದಿಬ್ಬಗಳು ಕೆಲವೇ ತಲೆಮಾರುಗಳೊಳಗೆ ಬೆಳೆದು ಆಮೇಲೆ ನಿಂತುಹೋದವು. ಇದು ಋತುಮಾನದ ಹಬ್ಬವೋ, ಕುಲಗಳ ಕೂಟವೋ, ದನದ ರೋಗ ಕಳೆಯುವ ವಿಧಿಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆದರೆ ಅದು ಬೇಕೆಂದೇ ಮಾಡಿದ ಕೆಲಸ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಡಾಲರೈಟ್ ಗೋಡೆಗಳೂ ಈ ಸೀಮೆಯ ತುಂಬ ಇವೆ, ಕೊಡಲಿಯ ದೊಡ್ಡ ಕಮ್ಮಟಗಳು ಮಾತ್ರ ಕೆಲವೇ ಕಡೆ. ನೆಲ ಒದಗಿಸಿದ ಹಲವು ದಾರಿಗಳಲ್ಲಿ ಜನ ಯಾವುದನ್ನು ಹಿಡಿದರು ಎಂದು ಕೇಳಬೇಕಾದರೆ ಮೊದಲು ಆ ದಾರಿಗಳು ಯಾವುವು ಎಂದು ಗೊತ್ತಿರಬೇಕು.

ಹಿರೇಬೆಣಕಲ್ ಈ ಮಾತಿಗೆ ಅತ್ಯುತ್ತಮ ಉದಾಹರಣೆ. ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದ ಈ ಊರಿನ ಹಿಂದಿನ ಗ್ರಾನೈಟ್ ಬೆಟ್ಟದ ಮೇಲೆ ಬೃಹತ್ ಶಿಲಾಯುಗದ ನಾನೂರರಷ್ಟು ರಚನೆಗಳು ಉಳಿದಿವೆ. ಕೆಲವು ಬಂಡೆಯಾಸರೆಯ ಗೂಡುಗಳು, ಕೆಲವು ಮೊಣಕಾಲೆತ್ತರದ ಪೆಟ್ಟಿಗೆಗಳು. ಅತಿ ದೊಡ್ಡವು ಆಳೆತ್ತರವನ್ನೂ ಮೀರಿದ ಚಪ್ಪಡಿಗಳನ್ನು ನಾಲ್ಕು ಕಡೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ ಕೊರೆದ ಕೋಣೆಗಳು. ಊರವರು ಇವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಕುಳ್ಳಗಿನ ಹಳೆಯ ಜನಾಂಗವೊಂದು ಇಲ್ಲಿ ವಾಸವಿತ್ತೆಂಬ ನಂಬಿಕೆ ಇದರ ಹಿಂದಿದೆ. ಪುರಾತತ್ತ್ವದ ಪ್ರಕಾರ ಇವು ಮುಖ್ಯವಾಗಿ ಕ್ರಿ.ಪೂ. ಮೊದಲ ಸಹಸ್ರಮಾನದ, ಕಬ್ಬಿಣ ಬಲ್ಲ ಜನರು ಸತ್ತವರ ನೆನಪಿಗೆ ಕಟ್ಟಿದ ರಚನೆಗಳು. ಇಷ್ಟು ದೊಡ್ಡ ಹಾಳೆಗಳನ್ನು ಬೆಟ್ಟದ ಮೇಲೆ ಹೊತ್ತು ತಂದದ್ದಲ್ಲ. ಬಿಸಿಲು, ಚಳಿಗಳಿಗೆ ಗ್ರಾನೈಟು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಎದ್ದುಕೊಳ್ಳುತ್ತದೆ, ಆ ಸಹಜ ಬಿರುಕನ್ನೇ ಹಿಡಿದು ಚಪ್ಪಡಿಗಳನ್ನು ಎಬ್ಬಿಸಿದರು. ಕಲ್ಲು ತೆಗೆದ ತಗ್ಗಿನಲ್ಲಿ ಮಳೆನೀರು ನಿಂತು ಕೆರೆಯಾಯಿತು, ಬಂಡೆಗಳ ನಡುವಿನ ದೊಣೆಗಳೂ ಅದಕ್ಕೆ ಜೊತೆಯಾದವು. ಅಂದರೆ ಗಣಿ, ಸ್ಮಶಾನ, ಜಲಾಶಯ ಮೂರೂ ಒಂದೇ ಶ್ರಮದ ಫಲ. ಎತ್ತರದ ಗುಂಡೊಂದರ ನೆತ್ತಿಯಲ್ಲಿ ಕೂರಿಸಿರುವ ಅರ್ಧಗೋಳಾಕಾರದ ಕಲ್ಲನ್ನು ಬಡಿದರೆ ನಗಾರಿಯ ಸದ್ದು ಹೊರಡುತ್ತದೆ. ಸುತ್ತಲಿನ ಬಂಡೆಯಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಸುತ್ತಮುತ್ತ ಇಂಥದೇ ಗ್ರಾನೈಟ್ ಬೆಟ್ಟಗಳು ನೂರಾರಿದ್ದರೂ ಇಷ್ಟು ಸಮಾಧಿಗಳು ಒಂದೇ ಬೆಟ್ಟದಲ್ಲಿ ನೆರೆದಿವೆ. ಆ ಆಯ್ಕೆ ಮನುಷ್ಯರದು. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು.

ಇಂಥ ಸಮಾಧಿಗಳು ಕೃಷ್ಣೆಯ ಉತ್ತರದಲ್ಲಿ ಬೇರೆ ರೂಪ ತಾಳುತ್ತವೆ. 1840ರ ದಶಕದಿಂದ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ, ಕಾದಂಬರಿಕಾರನೂ ಆಗಿದ್ದ ಫಿಲಿಪ್ ಮೆಡೋಸ್ ಟೇಲರ್ ರಾಜನಕೋಳೂರಿನ ಕಲ್ಗೋರಿಗಳನ್ನೂ ಜೇವರ್ಗಿಯ ಸಮಾಧಿಗಳನ್ನೂ ಶೋಧಿಸಿ ಬರೆದ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಗುಂಡುಕಲ್ಲುಗಳನ್ನು ಓರಣವಾಗಿ ಸಾಲುಸಾಲಾಗಿ ಹೂಡಿದ ಮೈದಾನವನ್ನು ಅವನು ವಿವರಿಸಿದ್ದಾನೆ. ಅದರ ಉದ್ದೇಶ ಈಗಲೂ ಬಿಡಿಸದ ಒಗಟು.

ಚಿನ್ನದ ವಿಷಯಕ್ಕೆ ಬಂದರೆ ವಾದವನ್ನು ಇನ್ನಷ್ಟು ಎಚ್ಚರದಿಂದ ನಡೆಸಬೇಕು. 1915ರಲ್ಲಿ ಚಿನ್ನದ ಶೋಧದಲ್ಲಿದ್ದ ಎಂಜಿನಿಯರ್ ಬೀಡನ್ ಮಸ್ಕಿಯ ಗುಡ್ಡದ ಗವಿಯಲ್ಲಿ ಬರಹವಿರುವ ಬಂಡೆಯನ್ನು ಕಂಡ. ದೇವಾನಾಂಪ್ರಿಯನೆಂಬಂಥ ಬಿರುದುಗಳಿಂದ ಮಾತ್ರ ಗೊತ್ತಿದ್ದ ಅರಸನ ಶಾಸನಗಳಲ್ಲಿ ಅಶೋಕನೆಂಬ ಸ್ವಂತ ಹೆಸರು ಮೊದಲ ಬಾರಿಗೆ ಸಿಕ್ಕಿದ್ದು ಅಲ್ಲಿ. ಹಲವು ದಶಕಗಳ ಊಹೆ ಖಚಿತವಾದ ಆ ಬಂಡೆ ಇಡೀ ದೇಶದ ಇತಿಹಾಸಲೇಖನದ ಮೈಲಿಗಲ್ಲು. 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಲ್ಕಿಗುಂಡುಗಳಲ್ಲಿ, ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೋಳದಲ್ಲಿ ಇನ್ನಷ್ಟು ಶಾಸನಗಳು ದೊರೆತವು. ಮೌರ್ಯರ ಆಸಕ್ತಿ ಇಲ್ಲಿನ ಚಿನ್ನದ ಮೇಲಿತ್ತು ಎಂಬುದು ಜನಪ್ರಿಯ ವಿವರಣೆ. ಅದಕ್ಕೆ ಬೆಂಬಲವೂ ಇದೆ: ಹಟ್ಟಿಯ ಪ್ರಾಚೀನ ಗಣಿಗಳು 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು, ಅಲ್ಲಿ ಸಿಕ್ಕ ಮರದ ತುಂಡುಗಳ ಕಾಲ ಸುಮಾರು ಎರಡು ಸಾವಿರ ವರ್ಷ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನವು ಆಜ್ಞೆ ಹೊರಟ ಜಾಗವನ್ನು ಸುವರ್ಣಗಿರಿ ಎಂದು ಕರೆಯುತ್ತದೆ, ಅದನ್ನು ಕನಕಗಿರಿಯೆಂದೂ ಮಸ್ಕಿಯೆಂದೂ ಕರ್ನೂಲು ಸೀಮೆಯ ಜೊನ್ನಗಿರಿಯೆಂದೂ ಗುರುತಿಸಲು ವಿದ್ವಾಂಸರು ಯತ್ನಿಸಿದ್ದಾರೆ. ಆದರೆ ಕೊಪ್ಪಳದ ಗ್ರಾನೈಟಿನಲ್ಲಾಗಲಿ ನಿಟ್ಟೂರಿನಲ್ಲಾಗಲಿ ಹಟ್ಟಿಯಂಥ ಚಿನ್ನದ ಗಣಿಯಿಲ್ಲ. ಶಾಸನಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿದರೆ ಕಾಣುವುದು ಜನವಸತಿಯ ಸಾಲು. ಬೃಹತ್ ಶಿಲಾಯುಗದ ಊರುಗಳು, ಜನ ನೆರೆಯುವ ಗುಡ್ಡಗಳು, ನದಿ ದಾಟುವ ದಾರಿಗಳು ಇದ್ದಲ್ಲೇ ಬಂಡೆಬರಹಗಳೂ ಇವೆ. ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ಅಶೋಕನಿಗಿಂತ ಬಹಳ ಹಿಂದಿನಿಂದಲೂ ಜನವಸತಿಯಿದ್ದದ್ದು ಸ್ಪಷ್ಟವಾಯಿತು. ಚಿನ್ನವೂ ಒಂದು ಕಾರಣವಾಗಿರಬಹುದು, ಆದರೆ ಸಾಮ್ರಾಜ್ಯ ಬಂದದ್ದು ಖಾಲಿ ನೆಲಕ್ಕಲ್ಲ. ಸಾವಿರಾರು ವರ್ಷಗಳಿಂದ ತುಂಬಿದ್ದ ನೆಲಕ್ಕೆ ಅದು ತನ್ನ ಮಾತನ್ನು ತಂದಿತು, ಆ ಜನ ಅದಾಗಲೇ ಹಿರಿಯರ ನೆನಪಿಗೆ ಬಳಸುತ್ತಿದ್ದ ಬಂಡೆಗಳ ನಡುವೆಯೇ ಅದನ್ನು ಕೆತ್ತಿಸಿತು.

ಇಷ್ಟಾದರೂ ಸಾಮಾನ್ಯ ಪ್ರವಾಸಿ ಕೇಳುವ ಪ್ರಶ್ನೆಯೊಂದಿದೆ: ಹಂಪಿಯ ಕಲ್ಲಿನ ರಥದ ಮುಂದೆ ಬೂದಿಗುಪ್ಪೆಯಲ್ಲಿ ನೋಡಲು ಏನಿದೆ? ಕಣ್ಣಿಗೆ ಹಬ್ಬವಾಗುವ ಶಿಲ್ಪವನ್ನೇ ಬಯಸುವವರಿಗೆ ಈ ಸೀಮೆಯಲ್ಲೂ 1112ರ ಇಟಗಿಯ ಮಹಾದೇವ ದೇವಾಲಯ ಹತ್ತಿರದಲ್ಲೇ ಇದೆ, ರಾಯಚೂರು ಮತ್ತು ಮುದಗಲ್ಲಿನ ಕೋಟೆಗಳಿವೆ. ರಾಯಚೂರು ಕೋಟೆಯ 41 ಅಡಿ ಉದ್ದದ ಶಿಲೆಯ ಮೇಲಿನ 1294ರ ಶಾಸನದ ಜೊತೆಗೆ ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತರುವ ಚಿತ್ರವೂ ಇದೆ. ಆದರೆ ಪ್ರಶ್ನೆಯ ಮೂಲದಲ್ಲಿರುವ ಎಣಿಕೆಯೇ ತಪ್ಪು. ಅರಸರ ಕಟ್ಟಡ ತನ್ನ ವೈಭವವನ್ನು ತಾನೇ ಸಾರುತ್ತದೆ, ದನಗಾಹಿಯ ನೆಲೆ ಹಾಗಲ್ಲ. ಅದನ್ನು ನೋಡಲು ಸುತ್ತಲಿನ ಮೇವಿನ ಬಯಲು, ನೀರಿನ ಹಳ್ಳ, ಗುಡ್ಡದ ನೆರಳು ಎಲ್ಲವೂ ಕಣ್ಣಿಗೆ ಬೀಳಬೇಕು. ಈ ಸೀಮೆಯಲ್ಲಿ ಅವೆಲ್ಲ ಇನ್ನೂ ಕಾಣುವ ಸ್ಥಿತಿಯಲ್ಲಿರುವುದೇ ದೊಡ್ಡ ಭಾಗ್ಯ. ಹಿಂಗಾರಿಯಲ್ಲಿ ಕುರಿಹಿಂಡುಗಳು ಈಗಲೂ ಇದೇ ಬಯಲುಗಳನ್ನು ದಾಟುತ್ತವೆ, ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಪಡೆಯುವ ರೂಢಿ ಇದೆ.

ಪ್ರಾಣಿಪಕ್ಷಿಗಳೂ ಇದೇ ಕಥೆಯ ಪಾತ್ರಧಾರಿಗಳು. ಗ್ರಾನೈಟ್ ಗುಂಡುಗಳ ಸಂದಿನಲ್ಲಿ ಹಗಲು ಕಳೆಯುವ ಕರಡಿಗಳಿಗಾಗಿ 1994ರಲ್ಲಿ ದರೋಜಿಯಲ್ಲಿ ಕರಡಿಧಾಮ ಘೋಷಣೆಯಾಯಿತು. ಬಂಡೆಗುಡ್ಡಗಳನ್ನೇ ಆಶ್ರಯಿಸಿದ ಹಳದಿ ಕೊರಳಿನ ಪಿಕಳಾರ ಹಕ್ಕಿ ಜಗತ್ತಿನಲ್ಲೇ ದಕ್ಷಿಣ ಭಾರತಕ್ಕೆ ಸೀಮಿತವಾದದ್ದು. ಗಂಗಾವತಿ ತಾಲ್ಲೂಕಿನ ಬಂಕಾಪುರದ ಹುಲ್ಲು ಕುರುಚಲುಗಳಲ್ಲಿ ತೋಳಗಳಿವೆ, ಕುರಿಗಾರರಿಗೂ ತೋಳಕ್ಕೂ ಇಲ್ಲಿ ಹಳೆಯ ನಂಟು. ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವಾಗಿ ಘೋಷಿಸಲಾಯಿತು. ಲಿಂಗಸುಗೂರಿನ ಜಲದುರ್ಗದ ಬಳಿ ಕೃಷ್ಣೆ ಎತ್ತರದ ನೆಲದಿಂದ ಕೆಳಗಿಳಿಯುವಾಗ ಕೆಲವೇ ಕಿಲೋಮೀಟರುಗಳಲ್ಲಿ ಸುಮಾರು 400 ಅಡಿ ಧುಮುಕುತ್ತದೆ. ನಾರಾಯಣಪುರ ಅಣೆಕಟ್ಟೆಯಿಂದ ಆ ಹರಿವು ಈಗ ಬಿಡುವ ನೀರನ್ನು ಅವಲಂಬಿಸಿದೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ತೂಕದ್ದು. ಯಾರಿಗೂ ಗೊತ್ತಿಲ್ಲದಿರುವುದೇ ಈ ನೆಲೆಗಳಿಗೆ ರಕ್ಷೆ, ಪ್ರವಾಸಿಗರನ್ನು ಕರೆದರೆ ಬಂಡೆಚಿತ್ರಗಳ ಮೇಲೆ ಹೆಸರು ಗೀಚುವವರೂ ಕಲ್ಗೋರಿಯ ಮೇಲೆ ಹತ್ತಿ ಕುಣಿಯುವವರೂ ಬರುತ್ತಾರೆ ಎಂಬುದು. ಗೀಚಿದ ಹೆಸರುಗಳು ಈಗಲೂ ಕಣ್ಣಿಗೆ ಬೀಳುವುದರಿಂದ ಆತಂಕ ಸುಳ್ಳಲ್ಲ. ಆದರೆ ಈವರೆಗಿನ ನಷ್ಟದ ಲೆಕ್ಕ ಬೇರೆಯೇ ಹೇಳುತ್ತದೆ. ಕುಪ್ಪಗಲ್ಲಿನ ಬಂಡೆಚಿತ್ರಗಳಿಗೆ ಕುತ್ತು ತಂದದ್ದು ಜಲ್ಲಿಕಲ್ಲಿನ ಗಣಿಗಾರಿಕೆ. ಬೂದಿದಿಬ್ಬಗಳನ್ನು ಹೊಲಕ್ಕೆ ಗೊಬ್ಬರವೆಂದು ಬಂಡಿಗಟ್ಟಲೆ ಹೊತ್ತದ್ದುಂಟು. ಕಲ್ಗೋರಿಗಳ ಹಾಸನ್ನು ನಿಧಿಗಳ್ಳರು ಅಗೆದಿದ್ದಾರೆ. ತುಂಗಭದ್ರಾ ಮತ್ತು ನಾರಾಯಣಪುರದ ಕಾಲುವೆಗಳು ಬಂದ ಮೇಲೆ ಭತ್ತದ ಮಡಿಗಾಗಿ ಎತ್ತರತಗ್ಗುಗಳನ್ನು ಸಮ ಮಾಡಲಾಯಿತು, ಆ ಕೆಲಸದಲ್ಲಿ ಎಷ್ಟೋ ನೆಲೆಗಳು ಉಳುಮೆಯ ಮಣ್ಣಾದವು. ನೀರಿಲ್ಲದೆ ಶತಮಾನಗಳ ಕಾಲ ಬಳಲಿದ ಸೀಮೆಯ ರೈತ ಭತ್ತ ಬೆಳೆದದ್ದನ್ನು ತಪ್ಪೆನ್ನಲು ಯಾರಿಗೂ ಹಕ್ಕಿಲ್ಲ. ತಪ್ಪಾದದ್ದು, ತನ್ನ ಹೊಲದ ದಿಬ್ಬ ಏನೆಂದು ಅವನಿಗೆ ಯಾರೂ ಹೇಳದಿದ್ದದ್ದು. ಅಜ್ಞಾತವಾಗಿರುವುದು ನೆಲೆಗಳನ್ನು ಕಾಪಾಡಲಿಲ್ಲ, ಕೇಳುವವರಿಲ್ಲದಂತೆ ಮಾಡಿತು. ಹಿರೇಬೆಣಕಲ್ಲಿಗೆ ಬರುವವರು ಊರಿನವರನ್ನೇ ದಾರಿತೋರಲು ಕರೆದುಕೊಂಡು ಅವರಿಗೆ ತಕ್ಕ ಸಂಭಾವನೆ ಕೊಟ್ಟರೆ, ಬೆಟ್ಟವನ್ನು ಕಾಯಲು ಊರಿಗೊಂದು ಕಾರಣ ಹುಟ್ಟುತ್ತದೆ. ಬೆಟ್ಟದ ಮೇಲೆ ಸಿಮೆಂಟಿನ ಮೆಟ್ಟಿಲು, ತಂಗುಮನೆ, ದೀಪಾಲಂಕಾರಗಳನ್ನು ತರುವುದು ಮಾತ್ರ ಈ ವಾದಕ್ಕೇ ವಿರುದ್ಧ. ಕಲ್ಲು, ಕೆರೆ, ಸಮಾಧಿಗಳ ಸಂಬಂಧ ಕಾಣದಂತಾದರೆ ಉಳಿಯುವುದು ಬರೀ ಚಪ್ಪಡಿಗಳು.

ಭೇಟಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಸೂಕ್ತ. ಮುಂಬಯಿ–ಚೆನ್ನೈ ರೈಲುಮಾರ್ಗದ ಯಾದಗಿರಿ ಮತ್ತು ರಾಯಚೂರು ಉತ್ತರದ ಬಾಗಿಲುಗಳು, ಹುಬ್ಬಳ್ಳಿ–ಗುಂತಕಲ್ ಮಾರ್ಗದ ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಕ್ಷಿಣದವು. ಶಹಾಪುರ, ಹುಣಸಗಿಗಳಿಂದ ಹೊರಟು ಲಿಂಗಸುಗೂರು, ಮಸ್ಕಿ, ಗಂಗಾವತಿಗಳ ಮೇಲೆ ಬಳ್ಳಾರಿಗೆ ಇಳಿದರೆ ಸುಣ್ಣಕಲ್ಲು, ಚಿನ್ನದ ಪಟ್ಟಿ, ಗ್ರಾನೈಟ್, ಡಾಲರೈಟ್ ಒಂದರ ನಂತರ ಒಂದು ಬರುತ್ತವೆ. ಹಿರೇಬೆಣಕಲ್ ಬೆಟ್ಟ ಹತ್ತಲು ಬೆಳಗಿನ ಹೊತ್ತು, ಸಾಕಷ್ಟು ಕುಡಿಯುವ ನೀರು, ಗಟ್ಟಿ ಪಾದರಕ್ಷೆ ಬೇಕು. ಯಾವ ನೆಲೆಯಲ್ಲೂ ಒಂದು ಚಕ್ಕೆಯನ್ನಾಗಲಿ ಬೋಕಿಯನ್ನಾಗಲಿ ಎತ್ತಿಕೊಳ್ಳಬಾರದು, ಬಿದ್ದ ಜಾಗದಿಂದ ಕದಲಿದ ಕೂಡಲೇ ಅದರ ಸಾಕ್ಷ್ಯಬೆಲೆ ಹೋಗುತ್ತದೆ. ಸಮಯ ಕಡಿಮೆಯಿರುವವರು ಬಳ್ಳಾರಿಯಲ್ಲಿರುವ, ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ತ್ವ ಸಂಗ್ರಹಾಲಯವನ್ನು ಮೊದಲು ನೋಡಿ, ಕಲ್ಲಿನ ಕೊಡಲಿ ಕಚ್ಚಾಶಿಲೆಯಿಂದ ನುಣುಪಾದ ರೂಪಕ್ಕೆ ಬರುವ ಹಂತಗಳನ್ನು ಅರಿತುಕೊಂಡು, ಆಮೇಲೆ ಊರ ಹೊರಗಿನ ಸಂಗನಕಲ್ಲು ಗುಡ್ಡಕ್ಕೂ ಕುಡತಿನಿಯ ಬೂದಿದಿಬ್ಬಕ್ಕೂ ಹೋಗುವುದು ಒಳ್ಳೆಯದು.